ಗುಬ್ಬಿಯ ಪೀರಿಯಡ್

"ಮಕ್ಕಳೇ ಪ್ರಶ್ನೆ ಹುಡುಕಬೇಕಂತೆ, ಮಕ್ಕಳೇ ಉತ್ತರ ಕಾಣಬೇಕಂತೆ. ಹಾಗಾದ್ರೆ ಸಂಬಳಾನೂ ಅವಕ್ಕೇ ಕೊಟ್ಬಿಡಿ," ಎಂದು ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ದಿನಾ ಮೂಗು ಮುರಿಯುತ್ತಿದ್ದರು. ಈ ಪ್ರಾಜೆಕ್ಟಿನ ಕಾಟ ತೊಲಗಿ, ಮತ್ತೆ ನೋಟ್ಸ್ ಬರೆಸುವಂತಾದರೆ ಸಾಕಿತ್ತು ಅವರಿಗೆ. ಶಾಲೆ ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಅದನ್ನು ಕಂಡು ಒಮ್ಮೆ ನಕ್ಕರೆ ಪ್ರಾಜೆಕ್ಟಿಗೆ ಮಂಗಳ ಹಾಡಿದಂತೆಯೇ. ಅದಕ್ಕೇ ಇನ್ಸ್‌ಪೆಕ್ಟರು ಬಂದ ದಿನ ಮೇಷ್ಟ್ರು, ತರಗತಿಯಲ್ಲಿ ತೀರಾ ಪೆದ್ದು ಪ್ರಶ್ನೆ ಹಿಡಿದಿದ್ದ ಪುಟ್ಟಲಕ್ಷ್ಮಿಯನ್ನೇ ಎಬ್ಬಿಸಿ ನಿಲ್ಲಿಸಿದರು.

"ಹೇಳಮ್ಮ ವಿಜ್ಞಾನಿ, ಏನು ನಿನ್ನ ಘನವಾದ ಸಂಶೋಧನೆ?"

"ಗುಬ್ಬಿ ಸರ್. ಬೆಂಚಿನ ಕೆಳಗೆ ಬಿದ್ದಿರೋ ಅನ್ನದಗುಳು ತಿನ್ನೋಕೆ ಅದು ಯಾವಾಗ ಒಳಗೆ ಬರುತ್ತೆ ಅಂತ ನಮ್ಮ ಗುಂಪು ನೋಡ್ತಾ ಇದೆ."

"ಕೇಳಿದ್ರಾ ಸರ್, ಗುಬ್ಬಿ ಊಟದ ವಿಚಾರ."

ಇನ್ಸ್‌ಪೆಕ್ಟರು ನಗಲಿಲ್ಲ. "ಯಾವಾಗ ಬರುತ್ತಮ್ಮ?"

"ವಿಜ್ಞಾನದ ಪೀರಿಯಡ್ಡಿಗೆ ಮಾತ್ರ ಸರ್. ಮಧ್ಯಾಹ್ನ ಹಸಿವಾಗಿ ಬರುತ್ತೆ ಅಂದ್ಕೊಂಡಿದ್ವಿ. ಮೇಷ್ಟ್ರು ಬೆಳಿಗ್ಗೆನೇ ಪಾಠ ತಗೊಂಡ ದಿನ ಅದೂ ಬೆಳಿಗ್ಗೆನೇ ಬಂತು. ಬೇರೆಯವರ ಪಾಠದಲ್ಲಿ ಯಾರಾದ್ರೂ ಮಿಸುಕಾಡ್ತಾರೆ, ಮಾತಾಡ್ತಾರೆ. ಇವರ ಪಾಠದಲ್ಲಿ ಒಬ್ಬರೂ ಅಲ್ಲಾಡಲ್ಲ."

ಮೇಷ್ಟ್ರ ಎದೆ ಉಬ್ಬಿತು. "ಶಿಸ್ತು ಸರ್. ನನ್ನ ಪಾಠ ಅಂದ್ರೆ ಎಲ್ಲರ ಕಣ್ಣೂ ಬೋರ್ಡಿನ ಮೇಲೇ."

"ಎಲ್ಲರೂ ಬೋರ್ಡ್ ನೋಡ್ತಿದ್ರೆ ಗುಬ್ಬೀನ ನೋಡಿದ್ದು ಯಾರು?" ಎಂದರು ಇನ್ಸ್‌ಪೆಕ್ಟರು.

"ಅದಕ್ಕೆ ಸರದಿ ಹಾಕ್ಕೊಂಡಿದ್ದೀವಿ ಸರ್," ಎಂದಳು ಪುಟ್ಟಲಕ್ಷ್ಮಿ. "ದಿನಕ್ಕೊಬ್ಬರು ಎಚ್ಚರ ಇರ್ತೀವಿ."