ಎರಡಾದ ಮನೆ

ಆ ಊರಿನ ಮನೆಗಳೆಲ್ಲ ಎರಡಾಳೆತ್ತರಕ್ಕೆ ಬೆಳೆಸಿದ ಬ್ಯಾಕ್ಟೀರಿಯಾಗಳು. ಮಗಳ ಮದುವೆ ಗೊತ್ತಾದರೆ ಗೋಡೆಯ ನಡುವಿಗೆ ಪ್ರೋಟೀನು ಸವರುವುದು ವಾಡಿಕೆ. ಇಪ್ಪತ್ತೊಂದು ದಿನಗಳಲ್ಲಿ ನಡು ಬಿಗಿದು, ಮನೆ ಎರಡಾಗಿ, ಒಂದು ಮಗಳ ಪಾಲಿಗೆ ಹೋಗುತ್ತಿತ್ತು. ನೀಲವ್ವ ಕೈಯಾರೆ ಸವರಿದ್ದಳು. ಹನ್ನೆರಡನೆಯ ದಿನ ಮಗಳು ಗಂಗೂ ಜ್ವರದಲ್ಲಿ ತೀರಿಕೊಂಡಳು. ಮನೆಗೆ ಅದು ತಿಳಿಯಲಿಲ್ಲ, ಬಿಗಿಯುತ್ತಲೇ ಹೋಯಿತು.

“ಇದನ್ನ ನಿಲ್ಲಸಪ್ಪಾ,” ಎಂದು ನೀಲವ್ವ ಊರಿನ ಗೋಡೆಗಳನ್ನು ನೋಡಿಕೊಳ್ಳುವ ಇಮಾಮಸಾಬನ ಮುಂದೆ ಅಂಗಲಾಚಿದಳು.

“ಅರ್ಧಕ್ಕ ನಿಲ್ಲಿಸಿದ್ರ ಪೊರೀ ಹರೀತೈತಿ, ಯಕ್ಕಾ. ಎರಡೂ ಮನಿ ಸಾಯ್ತಾವ,” ಎಂದ ಆತ, ಅವಳ ಮುಖ ನೋಡದೆ.

ಕೊನೆಯ ದಿನ ಎರಡೂ ಮನೆಗಳ ನಡುವಿನ ಗೋಡೆಯಲ್ಲಿ ಅಂಗೈಯಗಲದ ಸಂದು ಉಳಿದಿತ್ತು. ಹೊಸ ಮನೆಗೆ ಹಳೇ ಮನೆಯ ಹೆಪ್ಪು ಕೊಡುವುದು ತಾಯಿಯ ಕೆಲಸ. ನೀಲವ್ವ ಮೊಸರಿನ ಬಟ್ಟಲನ್ನು ಸಂದಿನಿಂದ ಆಚೆಗಿಟ್ಟು ಕೈ ಹಿಂದೆಗೆದಳು. ಗೋಡೆ ಕೂಡಿಕೊಂಡಿತು. ಆ ಹೆಪ್ಪನ್ನು ಹಾಲಿಗೆ ಹಾಕುವವರು ಆಚೆ ಯಾರೂ ಇರಲಿಲ್ಲ.