ತಡೆದು ನಿಂತವನು

ವಿಜಯಾ ಆಂಟಿ ಒಳಗೆ ಬಂದವರೇ ಬಾಗಿಲು ಹಾಕಿ, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದರು. ಆಮೇಲೆ ಕೋಡುಬಳೆಯ ಡಬ್ಬಿಯನ್ನು ಕೇದಾರನ ಪುಸ್ತಕಗಳ ಮೇಲಿಟ್ಟು ಪಿಸುಗುಟ್ಟಿದರು.

"ನಿಮ್ಮಪ್ಪ ಮನೇಲಿಲ್ಲ ತಾನೆ?"

"ವಾಕಿಂಗ್ ಹೋಗಿದಾರೆ ಆಂಟಿ."

"ಒಳ್ಳೇದಾಯ್ತು. ಭವಿಷ್ಯ ಕೇಳೋಕೆ ಬಂದಿದೀನಿ."

ಕೇದಾರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವನು ಕಡಲಾಚೆಯ ಪಾಮರ್ಸ್ಟನ್ ನಾರ್ತ್‌ನಲ್ಲಿ ಚರಿತ್ರೆ ಕಲಿಸುವ ಮೇಷ್ಟ್ರು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಕ್ರೈಸ್ತ ಸನ್ಯಾಸಿಗಳು ಬೈಬಲ್ಲಿನ ಕಡೆಗಾಲದ ಪ್ರವಾದನೆಗಳಿಗೆ ಏನೇನು ಅರ್ಥ ಹಚ್ಚಿದರು ಎಂಬುದರ ಮೇಲೆ ಡಾಕ್ಟರೇಟ್ ಮಾಡಿದ್ದ. ಇಲ್ಲಿನ ಕನ್ನಡಿಗರ ಕಿವಿಗೆ ಬಿದ್ದದ್ದು ಪ್ರವಾದನೆ ಮತ್ತು ಡಾಕ್ಟರೇಟ್ ಎರಡೇ. ಭವಿಷ್ಯದಲ್ಲಿ ಡಾಕ್ಟರಾದವನು ಜ್ಯೋತಿಷಿಯಲ್ಲದೆ ಮತ್ತೇನು?

ಎರಡು ಸಾವಿರದ ಹನ್ನೆರಡರ ಡಿಸೆಂಬರ್‌ನಲ್ಲಿ ಅದು ವಿಪರೀತಕ್ಕೆ ಹೋಯಿತು. ಇಪ್ಪತ್ತೊಂದಕ್ಕೆ ಪ್ರಳಯ ಎಂದು ತಾಯ್ನಾಡಿನ ಟಿವಿಗಳು ಬೊಬ್ಬೆ ಹೊಡೆಯುತ್ತಿದ್ದಾಗ, ಏನೂ ಆಗುವುದಿಲ್ಲ ಎಂದು ಕೇದಾರ ಹೇಳಿದ್ದ. ಏನೂ ಆಗಲಿಲ್ಲ. ಅಲ್ಲಿಗೆ ಅವನ ಕಥೆ ಮುಗಿಯಿತು. ಮನೆ ಯಾವಾಗ ಮಾರಾಟವಾಗುತ್ತದೆ, ಮಗ ಡ್ರೈವಿಂಗ್ ಟೆಸ್ಟ್ ಪಾಸಾಗುತ್ತಾನಾ ಎಂದು ಫೋನಿನ ಮೇಲೆ ಫೋನು. ತನಗೆ ಗೊತ್ತಿಲ್ಲ ಎಂದರೆ, ದೊಡ್ಡವರೆಲ್ಲ ಹೀಗೇ ಹೇಳುವುದು ಎಂದು ಇನ್ನಷ್ಟು ನಂಬುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಸಾಗಹಾಕುತ್ತಿದ್ದ. ಆದರೆ ಗಂಡ ಹೋದ ಮೇಲೆ ಒಬ್ಬರೇ ಗಟ್ಟಿಯಾಗಿ ನಿಂತು ಮಗಳನ್ನು ಬೆಳೆಸಿದ ಈ ಹೆಂಗಸು ನಿಖಿತಾಳ ಅಮ್ಮ. ನಿಖಿತಾಳನ್ನು ಕೇದಾರ ಮೂರು ವರ್ಷದಿಂದ ಪ್ರೀತಿಸುತ್ತಿದ್ದ. ವಿಷಯ ಎಷ್ಟು ಗುಟ್ಟಾಗಿತ್ತೆಂದರೆ ನಿಖಿತಾಳಿಗೂ ಹೇಳಿರಲಿಲ್ಲ.

"ಮನೇಲಿ ಒಂದು ಮದುವೆ ಮಾತು," ಎಂದರು ಆಂಟಿ, ಸೆರಗಿನ ತುದಿ ತಿರುಚುತ್ತ. "ಮನಸ್ಸು ಮನಸ್ಸು ಸೇರಿದೆ. ಆದ್ರೆ ವಯಸ್ಸು ಮೀರಿದೆ, ಜನ ಆಡ್ಕೋತಾರೆ ಅಂತ ಭಯ."

ನಿಖಿತಾಳ ಇಪ್ಪತ್ತೊಂಬತ್ತೂ ಒಂದು ವಯಸ್ಸೇ, ಎಂದುಕೊಂಡ ಕೇದಾರ. ಮುಂದಕ್ಕೆ ಬಾಗಿದ. "ಗಂಡು ಯಾರು?"

"ನೀನೇ ಹೇಳು ನೋಡೋಣ." ಆಂಟಿಯ ಮುಖ ಕೆಂಪಾಯಿತು.

ಕೇದಾರನಿಗೆ ಥಟ್ಟನೆ ಎಲ್ಲ ಹೊಳೆಯಿತು. ಅಪ್ಪ ಮೃತ್ಯುಂಜಯ ವಾರವಾರವೂ ಇಸ್ತ್ರಿ ಅಂಗಿ ತೊಟ್ಟು, ಬಸ್ಸು ರೈಲು ಬದಲಾಯಿಸಿ, ಆಂಟಿಯಿರುವ ಅಪ್ಪರ್ ಹಟ್‌ಗೆ ಹೋಗುತ್ತಿದ್ದರು. ಆಂಟಿಯ ಮನೆಯಲ್ಲಿ ಮಕ್ಕಳಿಗೆ ಕನ್ನಡ ಪಾಠವಂತೆ. ಆ ಮಕ್ಕಳು ಇವತ್ತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವು. ಪಾಪ, ಅಪ್ಪ ಹೋಗುತ್ತಿದ್ದದ್ದು ಮದುವೆ ಮಾತಿಗೆ. ಮಗನ ಮನಸ್ಸನ್ನು ಹೇಗೋ ತಿಳಿದುಕೊಂಡಿದ್ದಾರೆ.

ಅವನು ಕಣ್ಣು ಮುಚ್ಚಿದ. ಈ ಒಂದು ಸಲ ಜ್ಯೋತಿಷಿಯಾದರೆ ತಪ್ಪಿಲ್ಲ ಎನ್ನಿಸಿತು. "ಗಂಡು ಇದೇ ಊರು. ಹೆಂಗಸರಿಲ್ಲದ ಮನೆ. ಉಪ್ಪಿಟ್ಟು ಮಾಡಿದ್ರೆ ಗಂಟು ಕಟ್ಟುತ್ತೆ."

"ನಿಂಗೆ ಎಲ್ಲಾ ಗೊತ್ತಿದೆ ಹಾಗಾದ್ರೆ." ಆಂಟಿ ನಿಟ್ಟುಸಿರು ಬಿಟ್ಟರು. "ಅಡ್ಡಿ?"

ಕೇದಾರ ತನ್ನ ಸನ್ಯಾಸಿಗಳ ಮೊರೆಹೊಕ್ಕ. ಅಂತ್ಯ ಬಾರದಂತೆ ಯಾರೋ ಒಬ್ಬ ತಡೆದು ನಿಂತಿದ್ದಾನೆ, ಅವನು ಸರಿದ ಮೇಲೆಯೇ ಮುಂದಿನದು ಎನ್ನುತ್ತದೆ ಬೈಬಲ್. ಯಾರೆಂದು ಹೇಳುವುದಿಲ್ಲ. ರೋಮ್ ಸಾಮ್ರಾಜ್ಯವೇ ಅವನು ಎಂದು ಎಷ್ಟೋ ಸನ್ಯಾಸಿಗಳು ಸಾಧಿಸಿದ್ದರು, ರೋಮ್ ಬಿದ್ದು ಎಷ್ಟೋ ಕಾಲವಾದ ಮೇಲೂ. ಓದಿದ್ದರಲ್ಲೆಲ್ಲ ತಮಗೆ ಬೇಕಾದದ್ದನ್ನೇ ಕಂಡರು ಎಂದು ಕೇದಾರ ಪ್ರಬಂಧದಲ್ಲಿ ಅವರನ್ನು ಚೆನ್ನಾಗಿ ಝಾಡಿಸಿದ್ದ.

"ಒಬ್ಬ ತಡೆದು ನಿಂತಿದಾನೆ ಆಂಟಿ. ಅವನು ಪಕ್ಕಕ್ಕೆ ಸರಿದ್ರೆ ಎಲ್ಲಾ ಸಲೀಸು." ಪೊರಿರುವಾದಲ್ಲಿರುವ ಆಂಟಿಯ ಅಣ್ಣ ಉದಯಶಂಕರ್ ಕಣ್ಮುಂದೆ ಬಂದರು. ಗೋತ್ರ ಕೇಳದೆ ಕಾಫಿ ಕುಡಿಯದ ಮನುಷ್ಯ.

"ಸರೀತಾನಾ?" ಆಂಟಿ ಅವನನ್ನೇ ದಿಟ್ಟಿಸಿದರು.

"ಖುಷಿಯಾಗಿ. ತಾನೇ ಮುಂದೆ ನಿಂತು ಮಾಡಿಸ್ತಾನೆ."

ಆಂಟಿಯ ಕಣ್ಣು ತುಂಬಿ ಬಂತು. "ನಿನ್ನ ಬಾಯಲ್ಲೇ ಬಂತಲ್ಲಪ್ಪ, ಸಾಕು. ಭಾನುವಾರ ಮನೆಗೆ ಬಾ."

ಭಾನುವಾರದವರೆಗೆ ಕೇದಾರ ನೆಲದ ಮೇಲೆ ನಡೆದದ್ದೇ ಇಲ್ಲ. ಪಾಠದ ನಡುವೆ ಕಡೆಗಾಲದಲ್ಲಿ ಬಂದು ಕಾಡುವ ಕ್ರಿಸ್ತವಿರೋಧಿಯ ಹೆಸರೆತ್ತಿ ನಕ್ಕುಬಿಟ್ಟ. ಭಾನುವಾರ ಅಪ್ಪ ಬೆಳಗಿನ ಬಸ್ಸಿಗೇ ಹೊರಟುಹೋಗಿದ್ದರು. ಕೇದಾರ ರೇಷ್ಮೆ ಜುಬ್ಬಾ ತೊಟ್ಟು, ಕಂಡ ಕನ್ನಡಿಯಲ್ಲೆಲ್ಲ ಇಣುಕುತ್ತ ಅಪ್ಪರ್ ಹಟ್ ತಲುಪಿದ.

ಬಾಗಿಲು ತೆರೆದವರು ಉದಯಶಂಕರ್. ಗೋತ್ರ ಕೇಳಲಿಲ್ಲ. ತಬ್ಬಿಕೊಂಡರು. "ದೊಡ್ಡ ಮನಸ್ಸು ಮಾಡಿದೆ ಕಣಪ್ಪ."

ನಿಖಿತಾಳನ್ನು ಮದುವೆಯಾಗಲು ದೊಡ್ಡ ಮನಸ್ಸು ಯಾಕೆ ಬೇಕು? ಯೋಚಿಸಲು ಪುರುಸೊತ್ತಾಗಲಿಲ್ಲ. ಒಳಗಿನಿಂದ ಅವಳೇ ಓಡಿ ಬಂದಳು, ಹಸಿರು ಸೀರೆ, ಒದ್ದೆ ಕಣ್ಣು, ಮುಖದ ತುಂಬ ನಗು. ಮೂರು ವರ್ಷದಲ್ಲಿ ಮೊದಲ ಸಲ ಅವನ ಕೈ ಹಿಡಿದಳು. ಈಗ ಪ್ರಳಯವಾದರೂ ಚಿಂತೆಯಿಲ್ಲ ಎನ್ನಿಸಿತು ಕೇದಾರನಿಗೆ.

"ಬೇಗ ಬಾ ಅಣ್ಣ," ಎಂದಳು ನಿಖಿತಾ, "ಅಮ್ಮಾನೂ ನಿಮ್ಮಪ್ಪಾನೂ ಹಾರ ಹಿಡ್ಕೊಂಡು ಆಗ್ಲಿಂದ ನಿಂತಿದಾರೆ, ನೀನು ಬರೋ ತನಕ ಹಾಕ್ಕೊಳಲ್ವಂತೆ."