ಆನೆ ಪುಡಿ

ಅವ್ವ ಸ್ನಾನಕ್ಕೆ ಹೋದದ್ದೇ ತಡ, ಸಿದ್ದಲಿಂಗೇಶ ಅಡುಗೆಮನೆಯ ಬಾಗಿಲು ಮುಂದೆ ಮಾಡಿದ. ಅವಳ ಕೈಚೀಲದೊಳಗಿನ ಔಷಧದ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಕಂದು ಪುಡಿಯನ್ನೆಲ್ಲ ಗಾಜಿನ ಭರಣಿಗೆ ಸುರಿದ. ಖಾಲಿಯಾದ ಕಾಗದಕ್ಕೆ ತಾನು ಬೆರೆಸಿಟ್ಟಿದ್ದ ಬೇರೆ ಪುಡಿ ತುಂಬಿದ. ಬಣ್ಣ ಹೊಂದಿತು. ಮಡಿಕೆಗಳನ್ನು ಮೊದಲಿನಂತೆಯೇ ಕೂರಿಸಿದ.

ಹೆಂಡತಿ ಪವಿ ಬಾಗಿಲು ತಳ್ಳಿಕೊಂಡು ಬಂದಳು. "ಏನ್ ಮಾಡಾಕತ್ತೀರಿ?"

"ಅವ್ವನ್ನ ಉಳಸಾಕತ್ತೀನಿ. ನೀ ಬಾಯಿ ಬಿಡಬ್ಯಾಡ."

ಬೆರೆಸಿದ್ದು ಹುರಿದ ಜೀರಿಗೆ ಪುಡಿ, ಕಹಿಗೆ ಒಂಚೂರು ಬೇವು. ವಿಷವೇನಿದ್ದರೂ ಭರಣಿಯೊಳಗಿತ್ತು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಜರ್ಮನಿ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡತೊಡಗಿದ ಮೊದಲ ವರ್ಷವೇ ಇಂಗೋಲ್‌ಸ್ಟಾಟ್‌ಗೆ ಬಂದವನು ಅವನು. ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ಎಲ್ಲಿ ತಪ್ಪಿದೆಯೆಂದು ಹುಡುಕಿ ಕಿತ್ತುಹಾಕುವುದೇ ಅವನ ಕಸುಬು. ಬೇಸಿಗೆ ಕಳೆಯಲೆಂದು ಗದಗಿನಿಂದ ಬಂದ ತಾಯಿ ಗೌರಕ್ಕನ ಚೀಲದಲ್ಲಿ 'ಗಜಬಲ ಚೂರ್ಣ' ಕಂಡಾಗಲೇ ಅವನ ಮೂಗು ಅರಳಿತ್ತು. ಕಾಗದದ ಮೇಲೆ ಸೊಂಡಿಲೆತ್ತಿದ ಆನೆ. ಅದರ ಕೆಳಗೆ ಮೊಣಕಾಲು ನೋವು, ದಮ್ಮು, ಮೂಲವ್ಯಾಧಿ, ಬಂಜೆತನ, ಕೆಟ್ಟ ಕನಸು, ಎಲ್ಲಕ್ಕೂ ಇದೊಂದೇ ಮದ್ದು ಎಂಬ ಭರವಸೆ. ಸಂತೆಯಲ್ಲಿ ವ್ಯಾನು ನಿಲ್ಲಿಸಿಕೊಂಡು ಮಾರುವ ಪಂಡಿತನೊಬ್ಬನ ಸರಕು. ಗೌರಕ್ಕ ಅದನ್ನು ಆನೆ ಪುಡಿ ಎನ್ನುತ್ತಿದ್ದಳು. ವರ್ಷಗಳಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

ಗೋಡೆ ಹಿಡಿಯದೆ ಏಳಲಾಗದಿದ್ದ ಹೆಂಗಸು ಈಗ ಡ್ಯಾನ್ಯೂಬ್ ದಂಡೆಯ ಉದ್ದಕ್ಕೂ ಮಗನಿಗಿಂತ ಮುಂದೆ ನಡೆಯುತ್ತಿದ್ದಳು. "ನನ್ನ ಕಾಲು ಈ ಪುಡಿ ಮ್ಯಾಲ ನಿಂತಾವೋ ತಮ್ಮಾ," ಎನ್ನುತ್ತಿದ್ದಳು.

ಅವನ ಕಣ್ಣಿಗೆ ಬಿದ್ದದ್ದು ಬೇರೆ. ಅವ್ವನ ಮುಖ ಹುಣ್ಣಿಮೆ ಚಂದ್ರನಂತೆ ಊದಿಕೊಂಡಿತ್ತು. "ಅತ್ತೀಗೆ ಇಲ್ಲೀ ಹಾಲು ಹತ್ತೇತಿ," ಎಂದು ಪವಿ ನಗುತ್ತಿದ್ದಳು. ಆದರೆ ಮೇಜಿನ ಅಂಚು ತಾಕಿದರೂ ತೋಳಿನ ಮೇಲೆ ನೇರಳೆ ಕಲೆ ಏಳುತ್ತಿತ್ತಲ್ಲ, ಅದಕ್ಕೇನು ಹೇಳುವುದು? ಇಂಥ ಪುಡಿಗಳಲ್ಲಿ ಸೀಸ, ಪಾದರಸ ಬೆರೆಸುತ್ತಾರೆಂದು ಅವನು ಇಂಟರ್‌ನೆಟ್‌ನಲ್ಲಿ ಓದಿದ್ದ.

ಒಂದು ಭಾನುವಾರ ಅವ್ವನನ್ನು ಊರಿನ ವೈದ್ಯಕೀಯ ಮ್ಯೂಸಿಯಮ್ಮಿಗೆ ಕರೆದೊಯ್ದ. ಒಂದು ಕಪಾಟಿನ ತುಂಬ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಬಾಟಲಿಗಳು. ಅವೂ ಸರ್ವರೋಗಕ್ಕೆ ಮದ್ದೇ.

"ನೋಡಬೇ, ನಿನ್ನ ಪಂಡಿತನ ಮುತ್ತಜ್ಜಗೋಳು. ಗಿಡಮೂಲಿಕೆ ಅಂತ ಹೇಳಿ ಒಳಗ ಅಫೀಮು ಹಾಕಿ ಮಾರತಿದ್ರು."

"ಹಂಗಾರ ನೋವು ಹೋಗತಿತ್ತಲ್ಲೋ?" ಎಂದಳು ಗೌರಕ್ಕ.

ಅವನು ನಕ್ಕುಬಿಟ್ಟ. ವಾದ ಮಾಡಿ ಪ್ರಯೋಜನವಿಲ್ಲ ಎಂದು ಅಂದೇ ತೀರ್ಮಾನಿಸಿದ.

ಪೊಟ್ಟಣ ಬದಲಿಸಿದ ಮೇಲೆ ಭರಣಿಯನ್ನು ನೆಲಮಾಳಿಗೆಯ ಕೆಲ್ಲರ್‌ನಲ್ಲಿ ಬಚ್ಚಿಟ್ಟ. ಮುಂದೆ ಪಂಡಿತನ ಮೇಲೆ ಕೇಸು ಹಾಕಲು ಪುರಾವೆ ಬೇಕಲ್ಲ.

ಮೊದಲು ಅವ್ವನ ಮೊಣಕಾಲು ಹಿಡಿದುಕೊಂಡವು. ಆಮೇಲೆ ಊಟ ಸೇರದಾಯಿತು. ವಾರ ಕಳೆಯುವಷ್ಟರಲ್ಲಿ ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ.

"ಡಾಕ್ಟರ್‌ಗೆ ತೋರಸೋಣ ನಡೀರಿ," ಎಂದಳು ಪವಿ.

"ಮೈಯಾಗಿನ ನಂಜು ಇಳೀಲಿಕ್ಕ ಹತ್ತೇತಿ. ಇನ್ನೊಂದೆರಡು ದಿನ ತಡಿ."

ಅಂದು ಬೆಳಿಗ್ಗೆ ಗೌರಕ್ಕ ಹಾಸಿಗೆಯಿಂದಲೇ ಮಗನ ಕೈ ಹಿಡಿದಳು. "ಈ ಪುಡ್ಯಾಗ ಸತ್ವಾನ ಇಲ್ಲೋ ತಮ್ಮಾ. ಹಳೇದು ಎಲ್ಲೆರ ಉಳದಿದ್ರ ಒಂದು ಚಿಟಿಕಿ ಕೊಡು."

"ಎಲ್ಲಾ ಒಂದ ಐತಿ ಯವ್ವಾ," ಎಂದ ಸಿದ್ದಲಿಂಗೇಶ, ಅವಳ ಮುಖ ನೋಡದೆ.

ಮಗನ ಮಾತು ನಂಬಿ ಅವಳು ಎರಡು ಪೊಟ್ಟಣ ಬಾಯಿಗೆ ಹಾಕಿಕೊಂಡಳು. ಮಧ್ಯಾಹ್ನ ಬಚ್ಚಲಿನ ಬಾಗಿಲಲ್ಲಿ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಕನ್ನಡಕದ ಡಾಕ್ಟರಮ್ಮ ಅವಸರದಲ್ಲಿ ಕೇಳಿದಳು: "ರಕ್ತದೊತ್ತಡ ಪಾತಾಳಕ್ಕಿಳಿದಿದೆ. ಯಾವ ಔಷಧ ತೆಗೆದುಕೊಳ್ಳುತ್ತಾರೆ?"

"ಯಾವುದೂ ಇಲ್ಲ," ಎಂದ ಅವನು.

ಜರ್ಮನ್ ಅಷ್ಟಾಗಿ ಬಾರದ ಪವಿಗೂ ಅದು ಅರ್ಥವಾಯಿತು. ತೋಳು ಜಗ್ಗಿ ಪಿಸುಗುಟ್ಟಿದಳು: "ಪುಡಿ ವಿಷಯ ಹೇಳ್ರಿ."

"ಬಿಟ್ಟಾಳಲ್ಲ. ಬಿಟ್ಟದ್ದನ್ನ ಏನಂತ ಹೇಳೂದು?"

ಸೋಂಕಿರಬಹುದೆಂದು ಅವರು ಸಲೈನ್ ಹಚ್ಚಿದರು, ಆ್ಯಂಟಿಬಯಾಟಿಕ್ ಕೊಟ್ಟರು. ಒತ್ತಡ ಏರಲೇ ಇಲ್ಲ. ಮರುದಿನ ಹೊತ್ತು ಮುಳುಗುವ ಮುಂಚೆ ಗೌರಕ್ಕ ತೀರಿಕೊಂಡಳು.

ಸಿದ್ದಲಿಂಗೇಶ ಅಳಲಿಲ್ಲ. ನೇರ ಮನೆಗೆ ಹೋಗಿ, ಕೆಲ್ಲರ್‌ಗೆ ಇಳಿದು ಭರಣಿ ತಂದು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದ. "ವರ್ಷಗಟ್ಟಲೆ ನನ್ನ ತಾಯಿ ತಿಂದದ್ದು ಇದು. ಇದೇ ಅವಳನ್ನು ಕೊಂದದ್ದು. ಪರೀಕ್ಷೆ ಮಾಡಿಸಿ. ಮಾರಿದವನನ್ನು ನಾನು ಬಿಡುವುದಿಲ್ಲ."

ಕೆಲವು ದಿನಗಳ ಮೇಲೆ ಆಸ್ಪತ್ರೆಯಿಂದ ಕರೆ ಬಂದಾಗ ಅವನು ಆಫೀಸಿನಿಂದ ಓಡಿಬಂದ. "ಸೀಸ ಇತ್ತೇ? ಪಾದರಸ?"

"ಎರಡೂ ಇಲ್ಲ," ಎಂದಳು ಡಾಕ್ಟರಮ್ಮ. "ಕಾರ್ಟಿಸೋನ್ ಎಂಬ ಸ್ಟಿರಾಯ್ಡ್. ನಾವೇ ಬರೆದುಕೊಡುವ ಮಾತ್ರೆಯಂಥದ್ದು, ಅರೆದು ಬೆರೆಸಿದ್ದಾರೆ. ಮುಖದ ಊತ, ತೋಳಿನ ಕಲೆ ಅದರಿಂದಲೇ. ಮಾರಿದವನು ಮೋಸಗಾರ, ನಿಜ. ಆದರೆ ಇದನ್ನು ಇಷ್ಟು ಕಾಲ ತಿಂದ ದೇಹ ತನಗೆ ಬೇಕಾದದ್ದನ್ನು ತಾನೇ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಬಿಡಿಸುವುದಾದರೆ ತಿಂಗಳುಗಟ್ಟಲೆ, ಇಷ್ಟಿಷ್ಟೇ ಕಡಿಮೆ ಮಾಡಬೇಕು. ಒಮ್ಮೆಲೇ ನಿಂತರೆ ಜೀವ ಹೋಗುತ್ತದೆ. ಕುಸಿದುಬಿದ್ದ ದಿನ ಇದರಲ್ಲಿ ಒಂದು ಚಮಚ ಹೊಟ್ಟೆಗೆ ಹೋಗಿದ್ದರೂ, ಅಥವಾ ಇದರ ಸುದ್ದಿ ನನಗೆ ಗೊತ್ತಿದ್ದರೂ, ಬಹುಶಃ ಉಳಿಯುತ್ತಿದ್ದರು."

ಡಾಕ್ಟರಮ್ಮ ಕನ್ನಡಕ ತೆಗೆದು, ಮೃದುವಾಗಿ ಕೇಳಿದಳು:

"ಒಂದೇ ಒಂದು ಅರ್ಥವಾಗುತ್ತಿಲ್ಲ. ಮನೆಯಲ್ಲಿ ಇಷ್ಟು ಪುಡಿ ಇರುವಾಗ, ಅವರು ತಿನ್ನುವುದನ್ನು ಯಾಕೆ ನಿಲ್ಲಿಸಿದರು?"